ಮೀಟಿಂಗಿನ ಇಂಗ್ಲಿಷ್: ಪೋಷಕರಿಗೂ ಮಕ್ಕಳಿಗೂ

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲ್, ಗ್ರೇಡ್, ಬಿಡ್ ಎಂಬ ಪದಗಳು ಶಾಲೆಗೆ ಹೋಗದವರ ಬಾಯಲ್ಲೂ ಸಲೀಸು. ಅಂಥ ಮನೆಗಳಿಂದಲೇ ಬಂದ ನಮ್ಮ ವಿದ್ಯಾರ್ಥಿಗಳು ಕೆಲಸಕ್ಕೆ ಸೇರಿದ ಮೇಲೆ ಕಂಪನಿ ಮೀಟಿಂಗಿನಲ್ಲಿ ಬಾಯಿ ಬಿಡಲು ಹಿಂಜರಿಯುತ್ತಾರೆ.

ಅಜೆಂಡಾ ಎಂದರೆ ಚರ್ಚೆಯ ವಿಷಯಪಟ್ಟಿ. ಮಿನಿಟ್ಸ್ ಎಂದರೆ ಅಲ್ಲಿ ನಿಮಿಷಗಳಲ್ಲ, ಸಭೆಯ ನಡಾವಳಿ. ನಮ್ಮ ಟ್ರಸ್ಟ್ ಬರೆದಿಡುವುದೂ ಅದನ್ನೇ. ಎಚ್ಚರ ಬೇಕಾದದ್ದು ‘ಟೇಬಲ್’ ವಿಷಯದಲ್ಲಿ: ಪ್ರಸ್ತಾವವನ್ನು ಟೇಬಲ್ ಮಾಡುವುದೆಂದರೆ ಬ್ರಿಟಿಷರಿಗೆ ಚರ್ಚೆಗೆ ತರುವುದು, ಅಮೆರಿಕದವರಿಗೆ ಬದಿಗಿಡುವುದು! ‘ಪ್ರೀಪೋನ್’ ನಮ್ಮ ದೇಶದಲ್ಲಿ ಬಳಕೆಯ ಪದ, ಹೊರಗಿನವರಿಗೆ ತಿಳಿಯದಿರಬಹುದು. ಅರ್ಥವಾಗದಾಗ ‘ಕುಡ್ ಯೂ ಕ್ಲಾರಿಫೈ?’ ಎಂದು ಕೇಳಿದರೆ ಯಾರೂ ಕೀಳಾಗಿ ಕಾಣುವುದಿಲ್ಲ.

ಅಂದಹಾಗೆ, ನಮ್ಮ ವಿದ್ಯಾರ್ಥಿವೇತನದ ಸಂದರ್ಶನ ಕನ್ನಡ ಅಥವಾ ಉರ್ದುವಿನಲ್ಲೇ ನಡೆಯುತ್ತದೆ. ಕೆ.ಆರ್. ನಗರ, ಎಚ್.ಡಿ. ಕೋಟೆ ಸೇರಿ ನಾಲ್ಕೂ ತಾಲ್ಲೂಕುಗಳ ಪೋಷಕರು ಇಂಗ್ಲಿಷ್ ಬಾರದೆಂದು ಅರ್ಜಿ ಹಾಕದೆ ಉಳಿಯಬಾರದಾಗಿ ವಿನಂತಿ.