ಹೆಬ್ಬಾಳೆಗೆ ಕೇಬಲ್ ಬೇಡ, ಎತ್ತರ ಸಾಕು

ಮಳೆಗಾಲದಲ್ಲಿ ಕಳಸದ ಕಡೆಯವರಿಗೆ ಫೋನ್ ಮಾಡಿದರೆ ಸಲಾಂ ಹೇಳಿದ ಮೇಲೆ ನಾವು ಕೇಳುವುದು ಒಂದೇ: "ಕಾಕಾ, ಹೆಬ್ಬಾಳೆ ಮುಳುಗಿತಾ?"

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರೆಗೆ ಅಡ್ಡಲಾಗಿರುವ ತಗ್ಗಿನ ಸೇತುವೆ ಇದು. ಕಳಸದಲ್ಲಿ ಮಳೆ ಬಿಟ್ಟಿದ್ದರೂ ಮೇಲೆ ಕುದುರೆಮುಖದಲ್ಲಿ ಸುರಿದರೆ ಸಾಕು, ಹೊಳೆ ಸೇತುವೆಯ ಮೇಲೆ ಹತ್ತಿಬಿಡುತ್ತದೆ. ಅನ್ನಪೂರ್ಣೇಶ್ವರಿ ದೇವಸ್ಥಾನಕ್ಕೆ ಹೊರಟ ಭಕ್ತರು, ಶಾಲೆ ಮಕ್ಕಳು, ಅಡಿಕೆ ಕಾಳುಮೆಣಸು ಹೇರಿಕೊಂಡ ಪಿಕಪ್ – ಎಲ್ಲರೂ ದಡದಲ್ಲೇ. ನೀರಿಗೆ ಜಾತಿ ಧರ್ಮ ಗೊತ್ತಿಲ್ಲ ನೋಡಿ. ಹಳುವಳ್ಳಿ ಮೇಲಾಗಿ ಸುತ್ತುದಾರಿ ಉಂಟು, ಆದರೆ ಹೆರಿಗೆ ನೋವಿನವಳನ್ನು ಕೂರಿಸಿಕೊಂಡವನಿಗೆ ಆ ಸುತ್ತು ಎಷ್ಟು ಉದ್ದ ಅಂತ ಅವನನ್ನೇ ಕೇಳಬೇಕು.

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾದಾಗ ನಮ್ಮ ಹುಡುಗರೆಲ್ಲ ಅದರ ಫೋಟೊ ಕಳುಹಿಸಿದ್ದೇ ಕಳುಹಿಸಿದ್ದು. "ನಮಗೂ ಇಂಥದ್ದೇ ಬೇಕು!" ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್. (ಹೆಸರಲ್ಲಿ ಕಳಸ ಇದೆ, ಊರು ಮಾತ್ರ ಶಿವಮೊಗ್ಗ ಜಿಲ್ಲೆಯದ್ದು.) ಲಿಂಗನಮಕ್ಕಿ ಅಣೆಕಟ್ಟೆಯ ನೀರು ನಿಂತ ಮೇಲೆ ಅಲ್ಲಿನವರು ದಶಕಗಳ ಕಾಲ ಲಾಂಚ್‌ಗೆ ಕಾದವರು.

ಬೆಂಗಳೂರಿನ ಕೆ.ಆರ್. ಪುರದ್ದನ್ನೂ ಜನ ತೂಗುಸೇತುವೆ ಅಂತಲೇ ಕರೆಯುವುದು. ನಿಜವಾಗಿ ಎರಡೂ ಬೇರೆ. ತೂಗುಸೇತುವೆಯಲ್ಲಿ ದಪ್ಪ ಹಗ್ಗ ಜೋಲುತ್ತದೆ, ಅದರಿಂದ ಇಳಿದ ಸರಳುಗಳು ದಾರಿಯನ್ನು ಹೊರುತ್ತವೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ್ದು ಅಂಥದ್ದು, ನಡೆದು ದಾಟುವವರಿಗೆ. ಸಿಗಂದೂರಿನ ನಮೂನೆಯಲ್ಲಾದರೆ ಕಂಬದ ಮೇಲ್ಭಾಗದಿಂದ ಕೇಬಲ್‌ಗಳು ನೇರ ಓರೆಯಾಗಿ ಬಂದು ರಸ್ತೆಯನ್ನೇ ಹಿಡಿದುಕೊಳ್ಳುತ್ತವೆ. ನಡುವೆ ಕಂಬ ಊರಲು ಕಷ್ಟವಿರುವ ಆಳದ ನೀರಿಗೆ ಇದು ಸರಿ.

ಹೆಬ್ಬಾಳೆಯಲ್ಲಿ ಭದ್ರೆ ಇನ್ನೂ ಎಳೆಯ ಹೊಳೆ. ಅಲ್ಲಿ ಕೇಬಲ್ಲೂ ಬೇಡ, ಗೋಪುರವೂ ಬೇಡ, ಫೋಟೊಕ್ಕೆ ಬರುವ ಅಂದವೂ ಬೇಡ. ನೆರೆ ಮುಟ್ಟದಷ್ಟು ಎತ್ತರದ ಸಾದಾ ಕಾಂಕ್ರೀಟ್ ಸೇತುವೆ ಸಾಕು. ಕೇಳುವುದಾದರೆ ನಾವು ಅಷ್ಟನ್ನೇ ಕೇಳೋಣ. ದೊಡ್ಡದು ಕೇಳಿದರೆ ಫೈಲು ಹೊರಡುವುದಕ್ಕೇ ನಾಲ್ಕು ಮಳೆಗಾಲ ಹೋದೀತು.

ಒಮ್ಮೆ ನೀರು ಹತ್ತಿದ ದಿನ ಮೀನಿನ ಬಾವ ಬಂಗುಡೆ ಪೆಟ್ಟಿಗೆ ಕಟ್ಟಿಕೊಂಡು ದಡದಲ್ಲಿ ಒಂದು ಗಂಟೆ ನಿಂತರು. ಕೊನೆಗೆ ಹಳುವಳ್ಳಿ ದಾರಿ ಹಿಡಿದರು. ಆಚೆ ಮುಟ್ಟುವಾಗ ಐಸ್ ಕರಗಿತ್ತು, ಮನೆಗಳಲ್ಲಿ ಊಟವೂ ಮುಗಿದಿತ್ತು.