ಉರಿಯುವ ಮನೆಯಲ್ಲಿ ಗಳ ಹಿರಿಯುವ 'ಕ್ಲೇಮು' ಏಜೆಂಟರು

ಹೆದ್ದಾರಿಯಲ್ಲಿ ಅಪಘಾತವಾಯಿತೆಂದರೆ ಆಂಬುಲೆನ್ಸಿನ ಬೆನ್ನಿಗೇ ಒಂದು ಬೈಕೂ ಬರುತ್ತದೆ. ಅದರಲ್ಲಿ ಬರುವಾತ ನೆಂಟನಲ್ಲ, ಪೊಲೀಸನಲ್ಲ, ಡಾಕ್ಟರಂತೂ ಅಲ್ಲವೇ ಅಲ್ಲ. ಬಗಲಲ್ಲಿ ಫೈಲು, ಜೇಬಲ್ಲಿ ವಿಸಿಟಿಂಗ್ ಕಾರ್ಡು, ಮುಖದ ತುಂಬ ಕನಿಕರ. ಆಸ್ಪತ್ರೆಯ ಶವಾಗಾರದ ಮುಂದೆ ಅಳುತ್ತ ಕೂತವರ ಪಕ್ಕ ಬಂದು ಕೂರುತ್ತಾನೆ. "ಅಮ್ಮಾ, ನೀವೇನೂ ಯೋಚ್ನೆ ಮಾಡ್ಬೇಡಿ. ಕೇಸು ನಾವ್ ನೋಡ್ಕೋತೀವಿ. ಈಗ ಒಂದು ಪೈಸಾ ಬೇಡ. ದುಡ್ಡು ಬಂದ್ಮೇಲೆ ನೂರಕ್ಕೆ ಮೂವತ್ತು ಕೊಡಿ, ಸಾಕು" ಅನ್ನುತ್ತಾನೆ. ಆ ಹೊತ್ತಿನಲ್ಲಿ ದೇವರೇ ಬಂದಂತೆ ಕಾಣುತ್ತದೆ. ಖಾಲಿ ವಕಾಲತ್ತಿಗೆ ಹೆಬ್ಬೆಟ್ಟು ಬೀಳುತ್ತದೆ. ಕೆಲವೊಮ್ಮೆ ಖಾಲಿ ಚೆಕ್ಕಿಗೆ ರುಜುವೂ ಬೀಳುತ್ತದೆ.

ಬೋರ್ಡು ಒಂದೊಂದು ಊರಲ್ಲಿ ಒಂದೊಂದು ಥರ. ಒಂದು ಕಡೆ 'ಕನ್ಸಲ್ಟೆನ್ಸಿ', ಇನ್ನೊಂದು ಕಡೆ 'ಸೇವಾ ಕೇಂದ್ರ'. ಒಳಗಿನ ವ್ಯಾಪಾರ ಮಾತ್ರ ಒಂದೇ. ಸತ್ತವನ ಹೆಸರಿನ ದುಡ್ಡಿನಲ್ಲಿ ಪಾಲು.

ಲೆಕ್ಕ ಯಾರ ಕೈಯಲ್ಲಿದೆ?

"ನಮ್ಮಿಂದ್ಲೇ ಇಷ್ಟು ಬಂತು" ಎಂಬುದು ಏಜೆಂಟನ ದೊಡ್ಡ ಬಂಡವಾಳ. ಆದರೆ ಪರಿಹಾರದ ಲೆಕ್ಕ ಏಜೆಂಟನ ಪ್ರಭಾವದಿಂದ ಹುಟ್ಟುವುದಲ್ಲ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ತೀರ್ಪಿನಲ್ಲಿ, ಆಮೇಲೆ 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಸೂತ್ರ ಹಾಕಿಕೊಟ್ಟಿದೆ.

ಉದಾಹರಣೆಗೆ, 34 ವರ್ಷದ ಗಾರೆ ಕೆಲಸದವನೊಬ್ಬನ ತಿಂಗಳ ಸಂಪಾದನೆ 12,000 ರೂಪಾಯಿ ಎಂದು ಕೋರ್ಟು ಒಪ್ಪಿತು ಅನ್ನಿ. ಮುಂದಿನ ಏಳಿಗೆಯ ಬಾಬ್ತು ನೂರಕ್ಕೆ 40 ಸೇರಿಸಿದರೆ 16,800. ಹೆಂಡತಿ, ಎರಡು ಮಕ್ಕಳಿದ್ದರೆ ಅವನ ಸ್ವಂತ ಖರ್ಚಿಗೆಂದು ಮೂರರಲ್ಲೊಂದು ಪಾಲು ಕಳೆಯಬೇಕು. ಉಳಿದದ್ದು 11,200. ವರ್ಷಕ್ಕೆ 1,34,400. ಆ ವಯಸ್ಸಿಗೆ ಗುಣಕ 16. ಒಟ್ಟು 21,50,400 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು ಬೇರೆ.

ಇದರಲ್ಲಿ ನೂರಕ್ಕೆ ಮೂವತ್ತು ಎಂದರೆ 6,45,120 ರೂಪಾಯಿ. ಗಂಡ ಬದುಕಿದ್ದರೆ ಆ ಮನೆಗೆ ಹೆಚ್ಚು ಕಡಿಮೆ ನಾಲ್ಕು ಮುಕ್ಕಾಲು ವರ್ಷ ಬರುತ್ತಿದ್ದ ಅನ್ನದ ದುಡ್ಡು! ಅದು ಮಕ್ಕಳ ಶಾಲೆಯ ಫೀಜಿಗೆ ಹೋಗಬೇಕಾದದ್ದು. ಹೋಗುವುದು ಏಜೆಂಟನ ಕಾರಿನ ಕಂತಿಗೆ.

ಕಾನೂನು ಏನನ್ನುತ್ತದೆ?

ವಕೀಲರು ಕೇಸಿನ ಫಲಿತಾಂಶದ ಮೇಲೆ ಫೀಜು ಗೊತ್ತು ಮಾಡಿಕೊಳ್ಳುವಂತಿಲ್ಲ, ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಮಾಡಿದ ಕೆಲಸಕ್ಕೆ ನ್ಯಾಯವಾದ ಫೀಜು ತೆಗೆದುಕೊಳ್ಳುವುದು ಬೇರೆ. ಪ್ರಾಮಾಣಿಕವಾಗಿ ದುಡಿಯುವ ವಕೀಲರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಹೆಸರಿಗೂ ಮಸಿ ಬಳಿಯುವವರು ಈ ದಲ್ಲಾಳಿಗಳೇ.

ತೆಲಂಗಾಣದ ಒಂದು ಮೊಕದ್ದಮೆ ಕೇಳಿ. 1998ರಲ್ಲಿ ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಹೆಂಗಸು ವಕೀಲರಿಗೆ 10 ಲಕ್ಷ ಕೊಟ್ಟಿದ್ದರು. ಸಾಲದೆಂದು ಇನ್ನೂ 3 ಲಕ್ಷದ ಚೆಕ್ಕು ಬರೆಸಿಕೊಂಡರು. ಚೆಕ್ಕು ವಾಪಸಾಯಿತು, ಆಕೆಯ ಮೇಲೇ ಕ್ರಿಮಿನಲ್ ಕೇಸು ಬಿತ್ತು! 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕೇಸನ್ನು ರದ್ದು ಮಾಡಿತು. ಪರಿಹಾರದಲ್ಲಿ ಇಷ್ಟು ಪಾಲು ಎಂದು ಕೇಳುವ ಫೀಜು ಕಾನೂನಿಗೆ ವಿರುದ್ಧ, ಅದು ವಸೂಲಿ ಮಾಡಬಹುದಾದ ಸಾಲವೇ ಅಲ್ಲ ಎಂಬುದು ತೀರ್ಪಿನ ಸಾರ. "ಚೆಕ್ಕು ಕೋರ್ಟಿಗೆ ಹಾಕ್ತೀವಿ ನೋಡು" ಎಂದು ಹೆದರಿಸುವವರಿಗೆ ಇದೇ ಉತ್ತರ.

"ಬಾಕಿ ಕೊಡೋವರ್ಗೂ ಫೈಲ್ ಕೊಡಲ್ಲ" ಎಂಬುದು ಇನ್ನೊಂದು ಬೆದರಿಕೆ. ಫೀಜು ಬಾಕಿ ಇದೆ ಎಂದು ಕಕ್ಷಿದಾರರ ಕಾಗದಪತ್ರ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ.

ತಕರಾರು ಎಲ್ಲಿ ಮಾಡಬೇಕು?

ಪಾಲು ಕೇಳಿದವರು ವಕೀಲರಾಗಿದ್ದರೆ ದೂರು ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ. ಗ್ರಾಹಕರ ಕೋರ್ಟಿಗೆ ಹೋಗಿ ಪ್ರಯೋಜನವಿಲ್ಲ. ವಕೀಲರ ಸೇವೆ ಅಲ್ಲಿಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ವಕೀಲರಲ್ಲದ ಕನ್ಸಲ್ಟೆನ್ಸಿಯವರು ಸುಳ್ಳು ಭರವಸೆ ಕೊಟ್ಟು ದುಡ್ಡು ಕಿತ್ತಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದ ಒಳಗೆ ಹೋಗಬೇಕು. ಖೊಟ್ಟಿ ರುಜು, ಮೋಸ ನಡೆದಿದ್ದರೆ ಪೊಲೀಸ್ ಠಾಣೆ ಇದ್ದೇ ಇದೆ.

ದೂರು ಎಂದರೆ ಬಾಯಿಮಾತಲ್ಲ. ಕೊಟ್ಟ ದುಡ್ಡಿನ ರಶೀದಿ, ಬ್ಯಾಂಕ್ ಪಾಸ್‌ಬುಕ್ಕು, ಏಜೆಂಟ್ ಕೊಟ್ಟ ಕಾರ್ಡು, ಫೋನಿನಲ್ಲಿ ಬಂದ ಸಂದೇಶ ಎಲ್ಲ ಜೋಪಾನವಾಗಿರಬೇಕು. ರಶೀದಿ ಕೊಡದವರಿಗೆ ನಗದು ಕೊಡಲೇಬಾರದು. ಕೊಟ್ಟವ ಕೋಡಂಗಿ, ಈಸ್ಕೊಂಡವ ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಏಜೆಂಟೇ ಬೇಡ

ಅಸಲಿಗೆ ಈ ಮಧ್ಯವರ್ತಿ ಬೇಕೇ ಇಲ್ಲ. ಅಪಘಾತದ ವರದಿಯನ್ನು ಪೊಲೀಸರೇ ಮೂರು ತಿಂಗಳೊಳಗೆ ಟ್ರಿಬ್ಯೂನಲ್ಲಿಗೆ ಕಳಿಸಬೇಕು, ಅದನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಬೇಕು ಎಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಆದರೂ ಕೈಕಟ್ಟಿ ಕೂರದೆ ಆರು ತಿಂಗಳೊಳಗೆ ಅರ್ಜಿ ಹಾಕಿಕೊಳ್ಳುವುದು ಕ್ಷೇಮ. ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ, 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಈ ಅರ್ಜಿ ವಿಚಾರಿಸುವವರು ತಹಸೀಲ್ದಾರರಂಥ ಕಂದಾಯ ಅಧಿಕಾರಿಗಳು. ಇದರಲ್ಲೂ ಕಮಿಷನ್ ಹೊಡೆಯುವವರುಂಟು!

ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೆಂದು ಕೇಳದೆ ವಕೀಲರನ್ನು ಪುಕ್ಕಟೆ ಕೊಡಬೇಕೆಂಬುದು 1987ರ ಕಾಯಿದೆ. ಫೋನ್ ನಂಬರು 15100. ಪರಿಹಾರದ ಹಣ ನೇರವಾಗಿ ಹಕ್ಕುದಾರರ ಬ್ಯಾಂಕ್ ಖಾತೆಗೇ ಹೋಗಲಿ ಎಂದೂ ಸುಪ್ರೀಂ ಕೋರ್ಟು 2025ರ ಮಾರ್ಚಿಯಲ್ಲಿ ಹೇಳಿದೆ. ಹಾಗಾಗಿ ಪಾಸ್‌ಬುಕ್ಕು, ಚೆಕ್‌ಬುಕ್ಕು, ಎಟಿಎಂ ಕಾರ್ಡು ಬೇರೆಯವರ ಕೈಗೆ ಹೋಗಬಾರದು.

ಇನ್ನು ಅಧಿಕಾರಸ್ಥರ ಪಾಲಿನ ಕೆಲಸ. ಕೋರ್ಟಿನ ಸುತ್ತ ಸುಳಿಯುವ ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರ ವಕೀಲರ ಕಾಯಿದೆಯ 2023ರ ತಿದ್ದುಪಡಿಯಲ್ಲಿ ಹೈಕೋರ್ಟಿಗೂ ಜಿಲ್ಲಾ ನ್ಯಾಯಾಧೀಶರಿಗೂ ಇದೆ. ಪಟ್ಟಿಯಲ್ಲಿದ್ದೂ ದಂಧೆ ನಡೆಸಿದರೆ ಮೂರು ತಿಂಗಳ ಸಜೆ, ಇಲ್ಲವೇ 500 ರೂಪಾಯಿ ದಂಡ, ಅಥವಾ ಎರಡೂ. ಲಕ್ಷಗಟ್ಟಲೆ ನುಂಗುವವನಿಗೆ 500 ರೂಪಾಯಿ ಒಂದು ಹೊತ್ತಿನ ಬಿರಿಯಾನಿ ಖರ್ಚು ನಿಜ. ಆದರೆ ಹೆಸರು ಗೋಡೆಯ ಮೇಲೆ ಬಿದ್ದರೆ ಅವನ ಕಾರ್ಡನ್ನು ಯಾರೂ ಮುಟ್ಟುವುದಿಲ್ಲ. ಆಸ್ಪತ್ರೆಯವರು ಶವಾಗಾರದ ಮುಂದೆ 15100 ಎಂಬ ನಾಲ್ಕಡಿ ಬೋರ್ಡು ಹಾಕಿಸಿದರೆ ಇನ್ನೂ ಅರ್ಧ ಕೆಲಸ ಮುಗಿಯಿತು. ಇದಕ್ಕೆ ಬಣ್ಣ, ಬ್ರಶ್ಶು, ಸ್ವಲ್ಪ ಮನಸ್ಸು ಇದ್ದರೆ ಸಾಕು. ಸಂಬಂಧಪಟ್ಟವರು ಮನಸ್ಸು ಮಾಡುವರೇ?