ಕಿರಾಣಿ ಅಂಗಡ್ಯಾಗ ಬ್ಯಾಂಕು



ಓದು ಬಾರದವರನ್ನು ನಮ್ಮ ಕಡೆ ಏನಂತ ಕರೀತಿದ್ದರು? ಕನ್ನಡದಾಗ ‘ಹೆಬ್ಬಟ್ಟು’, ಮರಾಠ್ಯಾಗ ‘ಅಂಗಠೇ ಬಹಾದ್ದರ’. ಸಹಿ ಕಲಿತ ದಿನ ನಾವು ಆ ಮಸಿಡಬ್ಬಿ ದೂರ ಸರಿಸಿದೆವು. ಈಗ ನೋಡ್ರಿ, ಬ್ಯಾಂಕಿನ ಯಂತ್ರವೇ ಹೆಬ್ಬಟ್ಟು ಕೇಳುತ್ತದೆ. ಮಾಸ್ತರ ಬಂದರೂ ಕೇಳುತ್ತದೆ, ಡಾಕ್ಟರ ಬಂದರೂ ಕೇಳುತ್ತದೆ!

ಸೋಲಾಪುರ–ಹೈದರಾಬಾದ ಹೆದ್ದಾರಿಯ ಮೇಲೆ ಬೋರಾಮಣಿ ಇದೆ. ಇಂಥ ಊರುಗಳ ಸುತ್ತಲಿನ ವಸ್ತಿಯ ಜನ ಮೊದಲು ಐದುನೂರು ರೂಪಾಯಿ ತೆಗೆಯಬೇಕೆಂದರೂ ಬ್ಯಾಂಕು ಇದ್ದ ಊರಿಗೆ ಹೋಗಬೇಕಿತ್ತು. ಬಸ್ಸಿನ ಖರ್ಚು ಬೇರೆ, ಒಂದು ದಿನದ ಕೂಲಿಯೂ ಹೋಗುತ್ತಿತ್ತು. ಚೀಟಿ ತುಂಬಿ ಕೊಡ್ರೆಪ್ಪಾ ಅಂತ ಯಾರ್‍ಯಾರನ್ನೋ ಬೇಡಬೇಕಾಗುತ್ತಿತ್ತು.

2006ರಲ್ಲಿ ರಿಸರ್ವ್ ಬ್ಯಾಂಕು ಒಂದು ಅನುಮತಿ ಕೊಟ್ಟಿತು. ಬ್ಯಾಂಕುಗಳು ಹೊರಗಿನವರನ್ನು ತಮ್ಮ ಪ್ರತಿನಿಧಿಯಾಗಿ ಇಟ್ಟುಕೊಳ್ಳಬಹುದು ಎಂದಿತು. ಮುಂದೆ ಕಿರಾಣಿ ಅಂಗಡಿಯವರಿಗೂ ಈ ಕೆಲಸ ಸಿಕ್ಕಿತು. ಇವರಿಗೆ ‘ಬ್ಯಾಂಕ್ ಮಿತ್ರ’ ಎನ್ನುತ್ತಾರೆ. 2010ರಲ್ಲಿ ದೇಶದ ಮೊದಲ ಆಧಾರ ಸಂಖ್ಯೆ ಕೊಟ್ಟದ್ದು ನಮ್ಮ ಮಹಾರಾಷ್ಟ್ರದಾಗೇ, ನಂದುರಬಾರ ಜಿಲ್ಲೆಯ ಟೆಂಭಲಿ ಎಂಬ ಸಣ್ಣ ಹಳ್ಳಿಯಲ್ಲಿ. 2014ರಲ್ಲಿ ಜನಧನ ಖಾತೆ ಬಂದವು. ಖಾತೆ, ಆಧಾರ, ಅಂಗಡಿ ಮೂರೂ ಕೂಡಿದವು.

ಯಂತ್ರ ಹೇಗೆ ಕೆಲಸ ಮಾಡುತ್ತದೆ? ನೀವು ಆಧಾರ ಸಂಖ್ಯೆ ಮತ್ತು ಬ್ಯಾಂಕಿನ ಹೆಸರು ಹೇಳುತ್ತೀರಿ. ಎಷ್ಟು ರೊಕ್ಕ ಬೇಕು ಹೇಳುತ್ತೀರಿ. ಅಂಗಡಿಯವರು ಅದನ್ನು ಒತ್ತುತ್ತಾರೆ. ನೀವು ಬೆರಳು ಇಡುತ್ತೀರಿ. ಬೆರಳಿನ ಗೆರೆ ಆಧಾರದಾಗಿನ ಗೆರೆಗೆ ಕೂಡಿದರೆ ನಿಮ್ಮ ಖಾತೆಯಿಂದ ಹಣ ಕಡಿಮೆಯಾಗಿ ಅಂಗಡಿಯವರ ಖಾತೆಗೆ ಜಮಾ ಆಗುತ್ತದೆ. ಅವರು ತಮ್ಮ ಗಲ್ಲೆಯಿಂದ ನಿಮಗೆ ನೋಟು ಎಣಿಸಿ ಕೊಡುತ್ತಾರೆ. ಈ ಕೆಲಸಕ್ಕೆ ಬ್ಯಾಂಕು ಅವರಿಗೆ ಕಮಿಶನ್ ಕೊಡುತ್ತದೆ. ಬ್ಯಾಂಕ್ ಮಿತ್ರ ನಿಮ್ಮ ಕಡೆಯಿಂದ ಬೇರೆ ಹತ್ತು-ಇಪ್ಪತ್ತು ರೂಪಾಯಿ ಇಸಕೊಳ್ಳುವಂತಿಲ್ಲ.

ಬೀಡಿ ಕಟ್ಟುವವರ, ಗವಂಡಿ ಕೆಲಸದವರ, ಕಬ್ಬು ಕಡಿಯುವವರ ಬೆರಳಿನ ಗೆರೆ ಸವೆದಿರುತ್ತವೆ. ಯಂತ್ರಕ್ಕೆ ಅವು ಕಾಣುವುದಿಲ್ಲ. ಕೈ ತೊಳೆದು, ಒರೆಸಿ ಮತ್ತೆ ಇಡಿರಿ. ಹೆಬ್ಬಟ್ಟೇ ಆಗಬೇಕೆಂದಿಲ್ಲ, ಹತ್ತು ಬೆರಳಲ್ಲಿ ಯಾವುದಾದರೂ ನಡೆಯುತ್ತದೆ. ಯಾವುದೂ ಹತ್ತದಿದ್ದರೆ ಆಧಾರ ಕೇಂದ್ರಕ್ಕೆ ಹೋಗಿ ಬೆರಳಿನ ಗುರುತು ಹೊಸದಾಗಿ ಕೊಡಬೇಕು.

ಮೋಸ ಆಗುವುದೂ ಇಲ್ಲೇ. “ಹತ್ತಲಿಲ್ಲ ಅಕ್ಕಾ, ಇನ್ನೊಮ್ಮೆ ಇಡು” ಅನ್ನುತ್ತಾರೆ. ನಿಜವಾಗಿಯೂ ಹತ್ತಿರಲಿಕ್ಕಿಲ್ಲ. ಆದರೆ ಮೊದಲ ಸಲವೇ ಹಣ ಹೋಗಿದ್ದರೆ? ಎರಡನೇ ಸಲ ಇಟ್ಟರೆ ಎರಡು ಸಲ ಹೋಗುತ್ತದೆ. ಇನ್ನು ಕೆಲವರು ಸಾವಿರ ಒತ್ತಿ, ಐದುನೂರು ಕೈಗೆ ಕೊಡುತ್ತಾರೆ. ಎಲ್ಲರೂ ಹೀಗೆ ಅಲ್ಲ. ಊರಿನ ಅಂಗಡಿಯವರು ಬಹಳ ಮಂದಿ ನೇರವಾಗಿಯೇ ಇರುತ್ತಾರೆ. ಆದರೂ ಕೇಳುವುದಕ್ಕೆ ನಾಚಿಕೆ ಯಾಕ್ರಿ? ರೊಕ್ಕ ನಿಮ್ಮದು. ಬೆರಳು ಇಡುವ ಮೊದಲು ಪರದೆಯ ಮೇಲಿನ ಅಂಕಿ ನೋಡ್ರಿ. ‘ಹತ್ತಲಿಲ್ಲ’ ಅಂದರೆ, “ಹತ್ತಲಿಲ್ಲ ಅನ್ನೋ ಚೀಟಿ ಕೊಡ್ರಿ” ಅನ್ನಿರಿ.

ಖಾತೆಯಿಂದ ಹಣ ಹೋಗಿ ಕೈಗೆ ಬರದಿದ್ದರೆ ಹೆದರಬೇಡಿರಿ. ಬ್ಯಾಂಕು ಐದು ದಿನದೊಳಗೆ ಅದನ್ನು ತಿರುಗಿ ಜಮಾ ಮಾಡಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದು ರಿಸರ್ವ್ ಬ್ಯಾಂಕು 2019ರಲ್ಲಿ ಮಾಡಿದ ನಿಯಮ. ಮೋಸ ಎಂದು ಅನಿಸಿದರೆ ಲಗೂನೇ ಬ್ಯಾಂಕಿಗೆ ತಿಳಿಸಿರಿ, 1930ಕ್ಕೆ ಫೋನು ಹಚ್ಚಿರಿ.

ಚೀಟಿ ಕನ್ನಡದಾಗ ಇರುವುದಿಲ್ಲ, ಬಹಳ ಸಲ ಇಂಗ್ಲಿಷಿನಲ್ಲೇ ಬರುತ್ತದೆ. ಇದು ಸರಿಯಲ್ಲ, ಆದರೆ ಸದ್ಯಕ್ಕೆ ಹಾಗಿದೆ. ಅಕ್ಷರ ಬಾರದಿದ್ದರೂ ಅಂಕಿ ಓದಬಹುದು. ನಿಮ್ಮ ಆಧಾರದ ಕೊನೆಯ ನಾಲ್ಕು ಅಂಕಿ, ತಾರೀಖು, ತೆಗೆದ ಹಣ, ಖಾತೆಯಲ್ಲಿ ಉಳಿದ ಹಣ, ಇಷ್ಟು ಹುಡುಕಿರಿ. ಮನೆಗೆ ಹೋದ ಮೇಲೆ ಅಲ್ಲ, ಅಂಗಡಿಯಲ್ಲಿ ನಿಂತೇ ಹುಡುಕಿರಿ.

ಈಗ ಈ ಚೀಟಿ ಓದಿರಿ.

ತೆಗೆದ ಹಣ: 1500
ಉಳಿದ ಹಣ: 2340

ಒಬ್ಬ ಅಜ್ಜಿಗೆ ಈ ಚೀಟಿ ಸಿಕ್ಕಿತು. ಅವಳ ಕೈಗೆ ಬಂದದ್ದು ಐದುನೂರರ ಎರಡು ನೋಟು. ಎಷ್ಟು ಕಡಿಮೆ ಬಂತು? ಹಣ ತೆಗೆಯುವ ಮೊದಲು ಖಾತೆಯಲ್ಲಿ ಎಷ್ಟಿತ್ತು? ಅಜ್ಜಿ ಅಂಗಡಿಯವರಿಗೆ ಏನು ಕೇಳಬೇಕು? ನಿಮ್ಮ ಪಾಟಿಯ ಮೇಲೆ ಬರೆಯಿರಿ.